ಗುರುವಯ್ಯನ ಮಗನ ವೈನ್ ಪಟ್ಟಿ

ಚಿಕ್ಕಮಗಳೂರಿನಿಂದ ಮೂಡಿಗೆರೆಗೆ ಹೋಗುವ ರಸ್ತೆಯಲ್ಲಿ, ಪೆಟ್ರೋಲ್ ಬಂಕ್ ದಾಟಿದ ಕೂಡಲೇ ಎಡಗಡೆಗೆ, ನೀಲಿ ಬಣ್ಣ ಬಳಿದ ಎರಡಂತಸ್ತಿನ ಕಟ್ಟಡವೊಂದಿದೆ. ಬಾಗಿಲ ಮೇಲೆ ಫೈಬರಿನಲ್ಲಿ ಮಾಡಿಸಿದ ದೊಡ್ಡ ಏಡಿ. ಅದೇ 'ಹಾಯಿದೋಣಿ'. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಲ್ಲೆಲ್ಲ ಶಾಖೆಗಳಿರುವ ಮೀನಿನ ಹೋಟೆಲು. ಎಲ್ಲ ಕಡೆಯೂ ಅದೇ ನೀಲಿ, ಅದೇ ಏಡಿ, ಅದೇ ಮೆನು. ನಮ್ಮ ಊರಿಗೂ ಸಮುದ್ರಕ್ಕೂ ನಡುವೆ ಘಾಟಿ ಇದೆ. ಮೀನು ಮಲ್ಪೆಯಿಂದ ಐಸ್ ತುಂಬಿದ ಗಾಡಿಯಲ್ಲಿ ಬರಬೇಕು. ಮಳೆಗಾಲದಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಜರಿದರೆ ಆ ದಿನ ಬಂಗುಡೆಯೂ ಇಲ್ಲ, ಅಂಜಲೂ ಇಲ್ಲ, ಫ್ರೀಜರಿನ ಸೀಗಡಿಯೇ ಗತಿ.

ಈ ಹೋಟೆಲು ಬಾಗಿಲು ತೆರೆದ ದಿನದಿಂದ ಸುರೇಂದ್ರ ಅಲ್ಲಿ ಕ್ಯಾಪ್ಟನ್. ಕ್ಯಾಪ್ಟನ್ ಎಂದರೆ ದೊಡ್ಡ ಹುದ್ದೆ ಎಂದು ಅವನ ತಾಯಿ ಸಿದ್ದಮ್ಮ ಮಲ್ಲಂದೂರಿನಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ನಿಜವಾಗಿ ನೋಡಿದರೆ ಅವನು ನಾಲ್ಕೈದು ಜನ ವೇಟರುಗಳ ಮೇಲೊಬ್ಬ. ಆರ್ಡರ್ ಬರೆದುಕೊಳ್ಳುವವನು, ಗಿರಾಕಿ ಸಿಟ್ಟಾದರೆ ಮುಂದೆ ನಿಂತು ಬೈಸಿಕೊಳ್ಳುವವನು, ಜನ ಸಾಲದ ದಿನ ತಟ್ಟೆ ಎತ್ತಿಕೊಂಡು ಮೇಲಿನ ಮಹಡಿಗೂ ಹತ್ತುವವನು. ಮ್ಯಾನೇಜರುಗಳು ಒಬ್ಬರಾದ ಮೇಲೊಬ್ಬರು ಬಂದು ಹೋದರು. ಎಲ್ಲರೂ ಅವನಿಗಿಂತ ಚಿಕ್ಕವರು. ಯಾವ ಎಸ್ಟೇಟಿನವರಿಗೆ ಯಾವ ಮೇಜು ಇಷ್ಟ, ಯಾರ ಎದುರು ಯಾರನ್ನು ಕೂರಿಸಬಾರದು ಎಂದು ಅವರಿಗೆಲ್ಲ ಕಲಿಸಿದವನು ಸುರೇಂದ್ರನೇ. ಕಲಿತವರು ಬಡ್ತಿ ಪಡೆದು ಬೇರೆ ಊರಿಗೆ ಹೋದರು. ಅವನು ಅಲ್ಲೇ ಉಳಿದ. ಅವನಿಗೆ ನಲವತ್ತು ಸಮೀಪಿಸಿತ್ತು. ನಲವತ್ತು ದಾಟಿದ ಕ್ಯಾಪ್ಟನ್ನನ್ನು ಯಾವ ಹೋಟೆಲಿನವರೂ ಹೆಚ್ಚು ದಿನ ಇಟ್ಟುಕೊಳ್ಳುವುದಿಲ್ಲ. ಆ ಹೊತ್ತಿಗೆ ಕುರ್ಚಿ ಸಿಕ್ಕಿರಬೇಕು, ಇಲ್ಲದಿದ್ದರೆ ಹೊರಬೀಳಬೇಕು. ಇದು ಅವನಿಗೂ ಗೊತ್ತಿತ್ತು, ಅವನ ಹೆಂಡತಿ ಯಶೋದಾಳಿಗೂ ಗೊತ್ತಿತ್ತು.

ಸುರೇಂದ್ರನೂ ನಾನೂ ಮಲ್ಲಂದೂರಿನ ಒಂದೇ ಶಾಲೆಯಲ್ಲಿ ಓದಿದವರು. ಅವನ ತಂದೆ ಗುರುವಯ್ಯ ಸಿದ್ದಬಸಪ್ಪನವರ ಕಾಫಿ ತೋಟದಲ್ಲಿ ಮೇಸ್ತ್ರಿ. ಆಳುಗಳಿಗೆ ಕೆಲಸ ಹಂಚಿ ಅವರಿಂದ ಮಾಡಿಸುವುದು ಮೇಸ್ತ್ರಿಯ ಹೊಣೆ. ಬೆಳಗ್ಗೆ ಸಾಹುಕಾರರು ಕೋಲು ಹಿಡಿದು ತೋಟ ಸುತ್ತುವಾಗ, ಎರಡು ಹೆಜ್ಜೆ ಹಿಂದೆ ಗುರುವಯ್ಯ ಇರಲೇಬೇಕು.

"ಈ ಸಿಲ್ವರ್ ಮರದ ಕೊಂಬೆ ತೆಗಿಸಿಬಿಡು ಗುರುವಯ್ಯ. ಗಿಡಕ್ಕೆ ಬಿಸಿಲೇ ಬೀಳ್ತಿಲ್ಲ" ಎನ್ನುತ್ತಿದ್ದರು ಸಾಹುಕಾರರು.

ಆ ಕೊಂಬೆ ತೆಗೆದರೆ ಪಡುವಣ ಬಿಸಿಲು ನೇರ ಬಡಿದು ಗಿಡ ಸೊರಗುತ್ತದೆಂದು ಗುರುವಯ್ಯನಿಗೆ ಗೊತ್ತು. ಸುತ್ತ ಆಳುಗಳಿದ್ದಾರೆ, ಲೆಕ್ಕ ಬರೆಯುವ ರೈಟರ್ ಇದ್ದಾನೆ. "ಆಯ್ತು ಸಾವ್ಕಾರ್ರೆ" ಎನ್ನುತ್ತಿದ್ದ. ಮಧ್ಯಾಹ್ನ ಸಾಹುಕಾರರು ಊಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುವ ಹೊತ್ತಿಗೆ ಬಂಗಲೆಯ ಹಿಂಬಾಗಿಲಲ್ಲಿ ನಿಂತು, "ಆ ಕೊಂಬೆ ಒಂದು ವರ್ಷ ಇರ್ಲಿ ಅಂತ ಕಾಣ್ತದೆ ಸಾವ್ಕಾರ್ರೆ" ಎಂದು ಮೆಲ್ಲಗೆ ಹೇಳುತ್ತಿದ್ದ. "ಹಂಗಾದ್ರೆ ಇರ್ಲಿ ಬಿಡು" ಎಂದು ಅವರೂ ಅನ್ನುತ್ತಿದ್ದರು. ಮರುದಿನ ಅದೇ ಮರದ ಕೆಳಗೆ ಹಾದುಹೋಗುವಾಗ ಇಬ್ಬರೂ ಕೊಂಬೆಯ ಮಾತು ಎತ್ತುತ್ತಿರಲಿಲ್ಲ.

ನಾಲ್ಕು ಜನರ ಎದುರು ಹೌದು ಅನ್ನಬೇಕು, ಒಬ್ಬರೇ ಇದ್ದಾಗ ಹೋಗಿ ಸರಿ ಮಾಡಿಕೊಳ್ಳಬೇಕು. ಗುರುವಯ್ಯ ಮಕ್ಕಳಿಗೆ ಕಲಿಸಿದ್ದೂ ಇದನ್ನೇ. ಹೇಡಿತನ ಎಂದು ಯಾರೂ ಇದನ್ನು ತಿಳಿಯುತ್ತಿರಲಿಲ್ಲ. ತೋಟಗಳು ನಡೆದದ್ದೇ ಹೀಗೆ. ಯಾರ ಮುಖವೂ ಕೆಡುತ್ತಿರಲಿಲ್ಲ, ಗಿಡವೂ ಒಣಗುತ್ತಿರಲಿಲ್ಲ. ಗುರುವಯ್ಯ ಕಾಲುನೋವಿನಿಂದ ಮೇಸ್ತ್ರಿ ಕೆಲಸ ಬಿಟ್ಟ ಮೇಲೂ ಸಾಹುಕಾರರು ಅವನನ್ನು ತೋಟದ ಕೂಲಿ ಲೈನಿನ ಮನೆಯಿಂದ ಎಬ್ಬಿಸಲಿಲ್ಲ. ಗಂಡ ಹೆಂಡತಿ ಈಗಲೂ ಅದೇ ಮನೆಯಲ್ಲಿದ್ದಾರೆ.

ಹಾಯಿದೋಣಿಯ ಎಲ್ಲ ಶಾಖೆಗಳಿಗೂ ಮೊದಲು ಒಂದೇ ವೈನ್ ಪಟ್ಟಿ ಇತ್ತು. ಬೆಂಗಳೂರಿನ ಹೆಡ್ ಆಫೀಸಿನಲ್ಲಿ ಕೂತು ಮಾಡಿದ್ದು. ಚಿಕ್ಕಮಗಳೂರಿನಲ್ಲಿ ಅದು ಧೂಳು ತಿನ್ನುತ್ತಿತ್ತು. ಪ್ಲಾಂಟರುಗಳು ಬಂದರೆ ವಿಸ್ಕಿ, ಮುಳ್ಳಯ್ಯನಗಿರಿ ನೋಡಲು ಬಂದ ಹುಡುಗರಿಗೆ ಬಿಯರ್. ವೈನ್ ಕೇಳುವವರು ಕೆಂಪನ್ನೇ ಕೇಳುತ್ತಿದ್ದರು. ಮೀನಿನ ಖಾರದ ಮೇಲೆ ಅದು ನಾಲಗೆಗೆ ಕಹಿಯಾಗಿ, ಅರ್ಧ ಬಾಟಲಿ ಹಾಗೇ ಬಿಟ್ಟು ಏಳುತ್ತಿದ್ದರು. ಕೊನೆಗೆ ಹೆಡ್ ಆಫೀಸಿನವರು ಒಂದು ತೀರ್ಮಾನಕ್ಕೆ ಬಂದರು. ಇನ್ನು ಮುಂದೆ ಪ್ರತಿ ಶಾಖೆಯೂ ತನ್ನ ಊರಿಗೆ ಹೊಂದುವ ಚಿಕ್ಕ ಪಟ್ಟಿಯನ್ನು ತಾನೇ ಮಾಡಬೇಕು. ಅದನ್ನು ಊಟದ ಜೊತೆ ರುಚಿ ನೋಡಿ ತೀರ್ಪು ಕೊಡಲು ಮೂವರು ಬರುತ್ತಾರೆ. ಪಟ್ಟಿ ಒಪ್ಪಿಗೆಯಾದರೆ ಅದನ್ನು ಮಾಡಿದವನೇ ಅಲ್ಲಿನ ವೈನ್ ಇನ್‌ಚಾರ್ಜ್, ಅಸಿಸ್ಟೆಂಟ್ ಮ್ಯಾನೇಜರ್ ದರ್ಜೆ. ಕುರ್ಚಿ, ಮೇಜು, ಕೋಟು.

ಮ್ಯಾನೇಜರ್ ವಿಶ್ವನಾಥ್ ಈ ಕೆಲಸವನ್ನು ಸುರೇಂದ್ರನಿಗೆ ವಹಿಸಿದ.

ಸುರೇಂದ್ರನಿಗೆ ಮೊದಲು ಗೊತ್ತಿದ್ದ ವೈನ್ ಒಂದೇ. ಕಳಸದ ಹೋಂಸ್ಟೇಯಲ್ಲಿ ಕೆಲಸಕ್ಕಿದ್ದಾಗ ಅಲ್ಲಿನ ವಸಂತಮ್ಮ ಭರಣಿಯಲ್ಲಿ ಸಕ್ಕರೆ ಸುರಿದು ಮಾಡುತ್ತಿದ್ದ ದ್ರಾಕ್ಷಿ ರಸ. ಕೆಮ್ಮಿನ ಔಷಧಿಯ ಹಾಗೆ ಇರುತ್ತಿತ್ತು. ಈಗ ಅವನು ಹಟ ಹಿಡಿದು ಕಲಿತ. ಮಾಲು ತರುವ ಸೇಲ್ಸ್‌ಮನ್ನನ್ನು ಕೂರಿಸಿಕೊಂಡು ಕೇಳಿದ. ಸ್ಯಾಂಪಲ್ ಬಾಟಲಿಗಳನ್ನು ಮನೆಗೆ ತಂದು, ಒಂದೊಂದು ಗುಟುಕು ಬಾಯಲ್ಲಿ ಆಡಿಸಿ ಬಚ್ಚಲಿಗೆ ಉಗುಳಿದ. ಅಡುಗೆಮನೆಯಿಂದ ಘೀ ರೋಸ್ಟ್ ಮಸಾಲೆ ಕಟ್ಟಿಸಿಕೊಂಡು ಬಂದು ಅದನ್ನು ನೆಕ್ಕಿ ಮತ್ತೆ ಗುಟುಕು ಹಾಕಿದ.

"ಬಾಯಿಗೆ ಹಾಕಿ ಉಗುಳೋಕೂ ಸಂಬಳ ಕೊಡ್ತಾರಾ ನಿಮ್ಮ ಹೋಟೆಲ್ನಲ್ಲಿ?" ಎಂದಳು ಯಶೋದಾ. ಅವಳು ಪೇಟೆಯ ಬೇಕರಿಯೊಂದರ ಕೌಂಟರಿನಲ್ಲಿ ಕೆಲಸಕ್ಕಿದ್ದಾಳೆ.

"ಉಗುಳದೇ ಇದ್ರೆ ಇಲ್ಲೇ ಬಿದ್ಕೋತೀನಿ ಮಾರಾಯ್ತಿ. ಎತ್ತೋಳು ನೀನೇ."

"ನಮ್ಮ ಬೇಕರೀಲಿ ಯಾರಾದ್ರೂ ಹಿಂಗೆ ಬನ್ ಕಚ್ಚಿ ಉಗುಳಿದ್ರೆ ಓನರ್ ಅಂಜನಮ್ಮ ಪೊರಕೆ ತಗೋತಾರೆ."

"ಅದಕ್ಕೇ ನಿಮ್ಮ ಬನ್ ಯಾವಾಗ್ಲೂ ಒಂದೇ ಥರ ಇರೋದು."

ತಿಂಗಳುಗಟ್ಟಲೆ ಹೀಗೆ ನಡೆಯಿತು. ಹಳೆಯ ಪಟ್ಟಿಯ ದುಬಾರಿ ಕೆಂಪು ವೈನುಗಳನ್ನೆಲ್ಲ ಅವನು ಹೊಡೆದು ಹಾಕಿದ. ಏನಾದರೂ ಸರಿ ಕೆಂಪೇ ಬೇಕು ಎನ್ನುವವರಿಗಾಗಿ ತೆಳುವಾದದ್ದು ಒಂದನ್ನು ಉಳಿಸಿಕೊಂಡು, ತಣ್ಣಗೆ ಮಾಡಿ ಕೊಡಬೇಕು ಎಂದು ಪಕ್ಕದಲ್ಲಿ ಬರೆದ. ಅವನಿಗೆ ಬಹಳ ಮೆಚ್ಚಾದದ್ದು ನಾಸಿಕ್ ಕಡೆಯ ಚಿಕ್ಕ ಕಂಪನಿಯೊಂದರ ಬಿಳಿ ವೈನ್. ತುಸು ಸಿಹಿ. ಘೀ ರೋಸ್ಟಿನ ಬ್ಯಾಡಗಿ ಖಾರ ಗಂಟಲು ಹಿಡಿದಾಗ ಒಂದು ಗುಟುಕು ಕುಡಿದರೆ ಖಾರ ಇಳಿದು ತುಪ್ಪದ ರುಚಿ ಮೇಲೇಳುತ್ತಿತ್ತು. ಪಟ್ಟಿ ನಿಂತದ್ದೇ ಅದರ ಮೇಲೆ ಎನ್ನಬೇಕು.

ಪ್ರತಿ ವೈನಿನ ಕೆಳಗೂ ಇಂಗ್ಲಿಷಿನ ಜೊತೆಗೆ ಕನ್ನಡದಲ್ಲಿ ಒಂದು ಸಾಲು ಬರೆದಿದ್ದ. ವಿಶ್ವನಾಥ್ ಅದನ್ನು ನೋಡಿ ನಕ್ಕ. "ಕನ್ನಡದಲ್ಲಿ ವೈನ್ ಲಿಸ್ಟ್ ಯಾರ್ ಓದ್ತಾರೆ ಸುರೇಂದ್ರ?"

"ಇಂಗ್ಲಿಷ್ ಓದೋಕಾಗದೇ ಇರೋರು ಕೇಳೋಕೆ ನಾಚ್ಕೋತಾರೆ ಸರ್. ನಾಚ್ಕೊಂಡು ಬಿಯರ್ ಅಂದ್ಬಿಡ್ತಾರೆ."

ಸಾಲುಗಳು ಉಳಿದವು.

ತೀರ್ಪಿನ ಹಿಂದಿನ ದಿನ ಮೂವರ ಹೆಸರು ತಿಳಿಯಿತು. ಹೆಡ್ ಆಫೀಸಿನಿಂದ ಸುಪ್ರಿಯಾ ಎಂಬುವರು, ಕಂಪನಿಯ ಎಲ್ಲ ಶಾಖೆಗಳ ಪಾನೀಯದ ವಿಭಾಗ ನೋಡಿಕೊಳ್ಳುವವರು. ಕೊನೆಯ ಮಾತು ಅವರದು. ಎರಡನೆಯವನು ವಿಶ್ವನಾಥ್. ಊರಿನ ಹಿರಿಯರೊಬ್ಬರು ಇರಲಿ ಎಂದು, ಹೋಟೆಲಿನ ಕಟ್ಟಡದ ಮಾಲೀಕರನ್ನೇ ವಿಶ್ವನಾಥ್ ಕರೆದಿದ್ದ. ಆ ಮಾಲೀಕರು ಸಿದ್ದಬಸಪ್ಪನವರು.

ಸುರೇಂದ್ರ ಫೋನಿನಲ್ಲಿ ಹೇಳಿದಾಗ ಗುರುವಯ್ಯನಿಗೆ ಹಿಗ್ಗೋ ಹಿಗ್ಗು. "ನಮ್ಮ ಸಾವ್ಕಾರ್ರೇ ಬರ್ತಾರಾ? ಹಂಗಾದ್ರೆ ಆದಂಗೇ ಅನ್ಕೋ ಮಗ."

"ನಿಮ್ಮಪ್ಪ ಆಗ್ಲೇ ಕೋಟಿಗೆ ಅಳತೆ ಕೊಟ್ಟಂಗೆ ಮಾತಾಡ್ತಾರೆ" ಎಂದಳು ಯಶೋದಾ. ಅಂದವಳೇ, ಕೋಟಿನ ಒಳಗೆ ಹಾಕಲು ಅವನಿಗಿದ್ದ ಒಂದೇ ಒಳ್ಳೆಯ ಬಿಳಿ ಅಂಗಿಯನ್ನು ನೀರಿಗೆ ಹಾಕಿದಳು.

ಏಪ್ರಿಲ್ ತಿಂಗಳು. ಕಾಫಿ ಹೂವರಳಿಸುವ ಹೂಮಳೆ ಬಂದು ಹೋಗಿ ಮತ್ತೆ ಧಗೆ ಏರಿತ್ತು. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಮೇಲಿನ ಮಹಡಿಯ ಕಿಟಕಿ ಪಕ್ಕದ ಮೇಜಿಗೆ ಬಿಳಿ ಬಟ್ಟೆ ಹಾಸಲಾಯಿತು. ಸಿದ್ದಬಸಪ್ಪನವರು ಮೆಟ್ಟಿಲು ಹತ್ತಿ ಬಂದವರೇ ಸುರೇಂದ್ರನನ್ನು ನೋಡಿ ನಿಂತರು.

"ಏನೋ, ನಮ್ಮ ಗುರುವಯ್ಯನ ಮಗ ಅಲ್ವಾ ನೀನು? ನಿಮ್ಮಪ್ಪನ ಕಾಲು ಹೆಂಗಿದೆ?"

"ಪರವಾಗಿಲ್ಲ ಸಾವ್ಕಾರ್ರೆ. ಕೋಲು ಹಿಡ್ಕೊಂಡು ನಡೀತಾರೆ."

"ನಾನೂ ಕೋಲು ಹಿಡ್ಕೊಂಡೇ ನಡಿಯೋದು. ಅವನಿಗೆ ಹೇಳು, ಈಗ ಇಬ್ಬರೂ ಒಂದೇ ಅಂತ." ಅವರು ನಕ್ಕು ಕೂತರು. "ಮೀನು ಮಾತ್ರ ನನ್ನ ತಟ್ಟೆಗೆ ಬೇಡ ಕಣಪ್ಪ. ಮನೇಲಿ ಪೂಜೆ ಮುಗಿಸ್ಕೊಂಡು ಬಂದಿದೀನಿ."

"ವೈನ್ ಪರವಾಗಿಲ್ವಾ ಸರ್?" ಎಂದು ಕೇಳಿದರು ಸುಪ್ರಿಯಾ.

"ದ್ರಾಕ್ಷಿ ಸಸ್ಯಾಹಾರ ತಾನೇ ತಾಯಿ?"

ಎಲ್ಲರೂ ನಕ್ಕರು. ಅವರ ತಟ್ಟೆಗೆ ಗೋಡಂಬಿ, ಘೀ ರೋಸ್ಟ್ ಮಸಾಲೆಯಲ್ಲಿ ಹುರಿದ ಪನೀರ್ ಬಂತು. ಉಳಿದವರಿಗೆ ಬಂಗುಡೆ ತವಾ ಫ್ರೈ, ಸೀಗಡಿ ಘೀ ರೋಸ್ಟ್, ಅಂಜಲ್ ಪುಳಿಮುಂಚಿ.

"ಸುರೇಂದ್ರ, ನೀವೂ ಕೂತ್ಕೊಳಿ" ಎಂದರು ಸುಪ್ರಿಯಾ, ತಮ್ಮ ಪಕ್ಕದ ಕುರ್ಚಿ ತೋರಿಸಿ. "ಇವತ್ತು ನೀವು ಕ್ಯಾಪ್ಟನ್ ಅಲ್ಲ. ನಿಮ್ಮ ಲಿಸ್ಟ್ ಬಗ್ಗೆ ನಮ್ಮ ಜೊತೆ ಕೂತು ಮಾತಾಡ್ಬೇಕು."

ಸುರೇಂದ್ರ ಕುರ್ಚಿಯ ಬೆನ್ನು ಹಿಡಿದ. ಎದುರಿಗೆ ಸಾಹುಕಾರರಿದ್ದರು. "ಇರ್ಲಿ ಮೇಡಂ, ನಿಂತ್ಕೊಂಡೇ ಹೇಳ್ತೀನಿ" ಎಂದ.

"ಕೂತ್ಕೊಳೋ ಮಾರಾಯ" ಎಂದರು ಸಿದ್ದಬಸಪ್ಪನವರೂ. ಅವರ ದನಿಯಲ್ಲಿ ಕೊಂಕೇನೂ ಇರಲಿಲ್ಲ. ಆದರೂ ಅವನಿಂದ ಕುರ್ಚಿ ಎಳೆದುಕೊಳ್ಳಲಾಗಲಿಲ್ಲ. ಬಾಟಲಿಗಳನ್ನು ತಾನೇ ತೆರೆದು ಬಗ್ಗಿಸುತ್ತ, ನಿಂತೇ ಮಾತಾಡಿದ.

ಚೆನ್ನಾಗಿಯೇ ಮಾತಾಡಿದ. ಮೊದಲನೆಯ ಬಿಳಿ ವೈನ್ ಬಂಗುಡೆಗೆ. ಸುಪ್ರಿಯಾ ಪಟ್ಟಿಯ ಕನ್ನಡದ ಸಾಲನ್ನು ಗಟ್ಟಿಯಾಗಿ ಓದಿದರು: "ಹಸಿ ಮಾವಿನಕಾಯಿ ಹೆಚ್ಚಿದಾಗ ಬರುವ ವಾಸನೆ." ಮೂಸಿ ನೋಡಿ, ಹೌದೆನ್ನುವಂತೆ ತಲೆಯಾಡಿಸಿ, ತಮ್ಮ ಟ್ಯಾಬಿನಲ್ಲಿ ಏನೋ ಬರೆದುಕೊಂಡರು. ಕೆಂಪನ್ನು ಯಾಕೆ ತಣ್ಣಗೆ ಕೊಡಬೇಕೆಂದು ಕೇಳಿದರು. ಅವನು ಹೇಳಿದ. ಹುಬ್ಬಳ್ಳಿಯ ಶಾಖೆಯವರು ಹಳೆಯ ಪಟ್ಟಿಯನ್ನೇ ತಿರುಗಿಸಿ ಬರೆದು ತಂದಿದ್ದರೆಂದೂ, ಇಷ್ಟು ಯೋಚಿಸಿ ಮಾಡಿದ ಪಟ್ಟಿಯನ್ನು ತಾವು ಎಲ್ಲೂ ನೋಡಲಿಲ್ಲವೆಂದೂ ವಿಶ್ವನಾಥನ ಕಡೆ ತಿರುಗಿ ಹೇಳಿದರು. ವಿಶ್ವನಾಥ್ ಮೇಜಿನ ಕೆಳಗಿನಿಂದ ಸುರೇಂದ್ರನಿಗೆ ಹೆಬ್ಬೆರಳು ತೋರಿಸಿದ.

"ಈಗ ಘೀ ರೋಸ್ಟಿಗೆ ಇರೋದು" ಎಂದ ಸುರೇಂದ್ರ. "ನನಗೆ ಎಲ್ಲಕ್ಕಿಂತ ಮೆಚ್ಚಾದದ್ದು."

ಮುಚ್ಚಳ ತಿರುಗಿಸಿದ ಕೂಡಲೇ ವಾಸನೆ ಅವನ ಮೂಗಿಗೆ ಬಂತು. ಸರಿಯಿರಲಿಲ್ಲ. ಹುಳಿ ಬಂದಿತ್ತು, ಬೆಂದು ಹಳಸಿದ ಹಣ್ಣಿನ ನಾತ. ಮಾರ್ಚಿನಲ್ಲಿ ಫ್ರಿಜ್ ಕೆಟ್ಟಾಗ ಕೆಲವು ಬಾಟಲಿಗಳನ್ನು ಯಾರೋ ತಂದೂರಿನ ಹಿಂದಿನ ಗೋಡೆಯ ಕಪಾಟಿನಲ್ಲಿಟ್ಟು, ಆಮೇಲೆ ಉಳಿದವುಗಳ ಜೊತೆ ಸೇರಿಸಿದ್ದರು. ಅದರಲ್ಲೊಂದು ಇದು. ಇಂಥದ್ದು ಆಗುವುದೇ. ಕ್ಷಮಿಸಿ, ಈ ಬಾಟಲಿ ಕೆಟ್ಟಿದೆ ಎಂದು ಪಕ್ಕಕ್ಕಿಟ್ಟು ಇನ್ನೊಂದನ್ನು ತಂದರೆ ಮುಗಿಯಿತು. ವೇಟರುಗಳಿಗೆ ಅವನೇ ಹೀಗೆ ಕಲಿಸಿದ್ದ.

ಅಷ್ಟರಲ್ಲಿ ಸಿದ್ದಬಸಪ್ಪನವರು ಗ್ಲಾಸು ಮುಂದೆ ಚಾಚಿದ್ದರು. "ಹಾಕು ಹಾಕು. ನಿನ್ನ ಮೆಚ್ಚಿನದು ಅಂದ್ಮೇಲೆ ನನಗೇ ಮೊದಲು."

ಸಾಹುಕಾರರು ಚಾಚಿದ ಕೈಗೆ ಇಲ್ಲ ಎಂದು ಅವನ ಮನೆಯವರು ಯಾರೂ ಹೇಳಿದ್ದಿಲ್ಲ. ಅವನ ಕೈ ಬಗ್ಗಿಸಿತು, ಆಮೇಲೆ ಸುಪ್ರಿಯಾರ ಗ್ಲಾಸಿಗೂ. ಅವರು ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ಗ್ಲಾಸನ್ನು ಬೆಳಕಿಗೆ ಹಿಡಿದರು.

"ಆಹಾ. ಇದು ಕಣಪ್ಪ ವೈನ್ ಅಂದ್ರೆ. ಬೇಷ್."

ಸುಪ್ರಿಯಾ ತಮ್ಮ ಗ್ಲಾಸಿನಿಂದ ಸ್ವಲ್ಪ ಬಾಯಿಗೆ ಹಾಕಿಕೊಂಡು, ತಕ್ಷಣ ಪಕ್ಕದ ಲೋಟಕ್ಕೆ ಉಗುಳಿದರು. ಬಾಯಿ ಒರೆಸಿಕೊಂಡು ಕೇಳಿದರು, "ಸುರೇಂದ್ರ, ಈ ಬಾಟಲಿ ಸರಿ ಇದೆಯಾ?"

ಆಕೆ ಕೇಳಿದ ರೀತಿಯಲ್ಲೇ ಬಾಗಿಲು ತೆರೆದಿಟ್ಟಿದ್ದರು. ಇಲ್ಲ ಮೇಡಂ ಎಂದರೆ ಸಾಕಿತ್ತು. ಆದರೆ ಹಾಗಂದರೆ, ಕೆಟ್ಟ ವೈನನ್ನು ಬೇಷ್ ಎಂದು ಕುಡಿದ ಮುದುಕರಾಗಿ ಸಾಹುಕಾರರು ಅಲ್ಲಿ ಕೂತಿರಬೇಕಾಗುತ್ತಿತ್ತು. ಹೆಡ್ ಆಫೀಸಿನವರ ಎದುರು, ವಿಶ್ವನಾಥನ ಎದುರು, ಮೆಟ್ಟಿಲ ಹತ್ತಿರ ನಿಂತು ನೋಡುತ್ತಿದ್ದ ವೇಟರುಗಳ ಎದುರು. ಅವರನ್ನು ಹಾಗೆ ಕೂರಿಸಿದ್ದು ಗುರುವಯ್ಯನ ಮಗ ಎಂದಾಗುತ್ತಿತ್ತು. ಈಗ ಹೌದು ಎನ್ನುವುದು, ಎಲ್ಲರೂ ಎದ್ದ ಮೇಲೆ ಮೇಡಮ್ಮಿಗೆ ಒಬ್ಬರಿಗೇ ಇನ್ನೊಂದು ಬಾಟಲಿ ತೆರೆದು ತೋರಿಸಿ ಹೇಳುವುದು. ಅವನ ತಲೆಗೆ ಹೊಳೆದದ್ದು ಇಷ್ಟೇ.

"ಸರಿ ಇದೆ ಮೇಡಂ" ಎಂದ.

"ಇದರ ರುಚಿನೇ ಹೀಗಾ?"

"ಹೌದು ಮೇಡಂ. ಹೀಗೇ ಇರುತ್ತೆ."

"ಇದನ್ನ ನೀವು ಘೀ ರೋಸ್ಟ್ ಜೊತೆ ಗೆಸ್ಟ್‌ಗೆ ಕೊಡ್ತೀರಾ?"

"ಕೊಡ್ತೀನಿ ಮೇಡಂ."

"ಸಾವ್ಕಾರ್ರಿಗೂ ಹಿಡಿಸ್ತಲ್ಲ" ಎಂದು ವಿಶ್ವನಾಥ್ ನಗಲು ನೋಡಿದ. ಯಾರೂ ಜೊತೆಗೂಡಲಿಲ್ಲ. ಸುಪ್ರಿಯಾ ಟ್ಯಾಬಿನಲ್ಲಿ ಬರೆಯತೊಡಗಿದರು. ಆಮೇಲಿನ ವೈನುಗಳನ್ನೂ ರುಚಿ ನೋಡಿದರು, ಪ್ರಶ್ನೆ ಮಾತ್ರ ಒಂದೂ ಕೇಳಲಿಲ್ಲ.

ಸುರೇಂದ್ರ ಸಾಹುಕಾರರ ತೋಳು ಹಿಡಿದು ಮೆಟ್ಟಿಲಿಳಿಸಿ ಕಾರಿನವರೆಗೆ ಬಂದ. ಬಾಗಿಲು ತೆರೆದು ಹಿಡಿದ. ಅವರು ಒಳಗೆ ಕೂತು, ಕೋಲನ್ನು ಮಡಿಲಲ್ಲಿಟ್ಟುಕೊಂಡು, ಅವನನ್ನು ಹತ್ತಿರ ಕರೆದರು.

"ಅದೆಂಥದೋ ಅದು, ಆ ಘೀ ರೋಸ್ಟಿಂದು? ಹಳಸಿದ ಅಂಬಲಿ ಥರ ಇತ್ತಲ್ಲೋ."

ಸುರೇಂದ್ರ ಕಾರಿನ ಬಾಗಿಲು ಹಿಡಿದು ಇನ್ನಷ್ಟು ಬಗ್ಗಿದ.

"ಕ್ಲಬ್ಬಲ್ಲಿ ನಾನೂ ಇಷ್ಟು ವರ್ಷ ಕುಡಿದಿಲ್ವೇನೋ? ಬಾಯಿಗೆ ಇಟ್ಟ ತಕ್ಷಣ ಗೊತ್ತಾಯ್ತು. ನಿನ್ನ ಮೆಚ್ಚಿನದು ಅಂತ ನೀನೇ ಅಂದ್ಬಿಟ್ಟಿದ್ದೆ. ನಾನು ಮುಖ ಹುಳ್ಳಗೆ ಮಾಡಿದ್ರೆ ಆ ಹೆಣ್ಮಗಳ ಎದುರು ನಿನ್ನ ಮರ್ಯಾದೆ ಏನಾಗ್ಬೇಕು? ನಮ್ಮ ತೋಟದ ಹುಡುಗ. ಅದಕ್ಕೇ ಬೇಷ್ ಅಂದೆ." ಅವನ ಕೈ ಮೇಲೆ ಮೆಲ್ಲಗೆ ತಟ್ಟಿದರು. "ನಿಮ್ಮಪ್ಪನಿಗೆ ಹೇಳು, ನಾನು ಕೇಳ್ದೆ ಅಂತ."

ಕಾರು ಮೂಡಿಗೆರೆ ರಸ್ತೆಗೆ ಇಳಿಯಿತು. ಅವರು ಇವನ ಮಾನ ಉಳಿಸಲು ಸುಳ್ಳಾಡಿದ್ದರು, ಇವನು ಅವರ ಮಾನ ಉಳಿಸಲು ಸುಳ್ಳಾಡಿದ್ದ. ಅವರು ಮನೆಗೆ ಹೋದರು. ಇವನು ಮೆಟ್ಟಿಲು ಹತ್ತಿ ಮೇಲೆ ಹೋದ.

ಸುಪ್ರಿಯಾ ಚೀಲ ಕಟ್ಟಿಕೊಳ್ಳುತ್ತಿದ್ದರು. ಸುರೇಂದ್ರ ಅದೇ ವೈನಿನ ಇನ್ನೊಂದು ಬಾಟಲಿಯನ್ನು ಫ್ರಿಜ್ಜಿನಿಂದ ತಂದು, ತೆರೆದು, ಗ್ಲಾಸಿಗೆ ಬಗ್ಗಿಸಿದ. "ಇದನ್ನೊಂದು ನೋಡಿ ಮೇಡಂ. ಆಗ ಕೊಟ್ಟಿದ್ದು ಕೆಟ್ಟಿತ್ತು."

ಅವರು ರುಚಿ ನೋಡಿದರು. ಮೇಜಿನ ಮೇಲೆ ಉಳಿದಿದ್ದ ಸೀಗಡಿಯ ಚೂರೊಂದನ್ನು ತಿಂದು ಮತ್ತೆ ನೋಡಿದರು. ಈ ಸಲ ಉಗುಳಲಿಲ್ಲ. "ತುಂಬಾ ಚೆನ್ನಾಗಿದೆ. ಘೀ ರೋಸ್ಟಿಗೆ ಇದಕ್ಕಿಂತ ಒಳ್ಳೇದು ನಮ್ಮ ಯಾವ ಬ್ರಾಂಚಲ್ಲೂ ಇಲ್ಲ." ಗ್ಲಾಸು ಕೆಳಗಿಟ್ಟರು. "ಕೆಟ್ಟಿದ್ದು ನಿಮಗೆ ಯಾವಾಗ ಗೊತ್ತಾಯ್ತು?"

"ಮುಚ್ಚಳ ತೆಗೆದಾಗಲೇ ಮೇಡಂ."

"ನಾನು ಕೇಳಿದೆ. ಒಂದು ಸಲ ಅಲ್ಲ, ಮತ್ತೆ ಮತ್ತೆ ಕೇಳಿದೆ."

"ದೊಡ್ಡವರು ಚೆನ್ನಾಗಿದೆ ಅಂದ್ಬಿಟ್ಟಿದ್ರು ಮೇಡಂ. ಎಲ್ಲರ ಎದುರು ಹೆಂಗೆ ಹೇಳೋದು ಅಂತ. ಆಮೇಲೆ ನಿಮಗೆ ಹೇಳೋಣ ಅಂತಿದ್ದೆ. ಈಗ ಹೇಳ್ತಿದೀನಲ್ಲ."

"ನಾಳೆ ಯಾರೋ ದೊಡ್ಡವರು ಕೆಟ್ಟ ಮೀನನ್ನ ಚೆನ್ನಾಗಿದೆ ಅಂದ್ರೆ, ಪಕ್ಕದ ಟೇಬಲ್ಲಿಗೂ ಅದನ್ನೇ ಕೊಡ್ತೀರಾ?"

ಅವನು ಕೆಟ್ಟ ಬಾಟಲಿಯನ್ನು ಮೇಜಿನಿಂದ ತೆಗೆದು ಕೆಳಗಿಟ್ಟ.

"ಬಾಟಲಿ ಕೆಟ್ಟಿದ್ದು ಗೊತ್ತಾಗದೇ ಇದ್ದಿದ್ರೆ ಕಲಿಸಬಹುದಿತ್ತು ಸುರೇಂದ್ರ. ಗೊತ್ತಿದ್ದೂ ಸರಿ ಇದೆ ಅನ್ನೋರಿಗೆ ನಾನು ಏನು ಕಲಿಸ್ಲಿ? ಲಿಸ್ಟ್ ಒಳ್ಳೇದಿದೆ. ಲಿಸ್ಟ್ ಇಟ್ಕೋತೀವಿ." ಇನ್ನೊಂದು ಅರ್ಧವನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಅವರ ಮಾತಿನಲ್ಲಿ ತಪ್ಪು ಹುಡುಕಲು ಸುರೇಂದ್ರ ಬಹಳ ದಿನ ಪ್ರಯತ್ನಪಟ್ಟ. ಸಿಗಲಿಲ್ಲ. ಸಿಕ್ಕಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ವಾರದ ರಜೆಯ ದಿನ ಅವನೂ ಯಶೋದಾಳೂ ಮಲ್ಲಂದೂರಿಗೆ ಹೋದರು. ಲೈನಿನ ಮನೆಯ ಮುಂದಿನ ಕಟ್ಟೆಯ ಮೇಲೆ ಗುರುವಯ್ಯ ಕಾಲು ನೀಡಿ ಕೂತಿದ್ದ. ಸಿದ್ದಮ್ಮ ಕಾಫಿ ತಂದಳು. ಸುರೇಂದ್ರ ನಡೆದದ್ದನ್ನೆಲ್ಲ ಹೇಳಿದ. ಬಾಟಲಿ ಕೆಟ್ಟಿದ್ದು, ಸಾಹುಕಾರರು ಬೇಷ್ ಎಂದದ್ದು, ತಾನು ಸರಿ ಇದೆ ಎಂದದ್ದು, ಇನ್‌ಚಾರ್ಜ್ ಹುದ್ದೆ ಕೈತಪ್ಪಿದ್ದು. ಗುರುವಯ್ಯ ಗಮನವಿಟ್ಟು ಕೇಳಿದ.

"ಹೋದ್ರೆ ಹೋಗ್ಲಿ ಬಿಡು. ಸಾವ್ಕಾರ್ರ ಮರ್ಯಾದೆ ಉಳಿಸ್ದೆ. ಒಳ್ಳೇದು ಮಾಡ್ದೆ ಮಗ" ಎಂದ. ಅವನ ಮುಖದಲ್ಲಿ ಹೆಮ್ಮೆ ಇತ್ತು. ಇಷ್ಟು ವರ್ಷಗಳಲ್ಲಿ, ಕ್ಯಾಪ್ಟನ್ ಆದಾಗಲೂ, ಆ ಮುಖದಲ್ಲಿ ಅಷ್ಟು ಹೆಮ್ಮೆಯನ್ನು ಸುರೇಂದ್ರ ಕಂಡಿರಲಿಲ್ಲ.

"ಅವರಿಗೆ ಗೊತ್ತಿತ್ತಪ್ಪ" ಎಂದ ಸುರೇಂದ್ರ. "ಕೆಟ್ಟಿದೆ ಅಂತ ಅವರಿಗೂ ಗೊತ್ತಿತ್ತು. ಕಾರಲ್ಲಿ ಕೂತ್ಕೊಂಡು ಹೇಳಿದ್ರು. ನನ್ನ ಮರ್ಯಾದೆ ಉಳಿಸೋಕೆ ಬೇಷ್ ಅಂದ್ರಂತೆ."

ಗುರುವಯ್ಯ ಕಾಫಿ ಲೋಟ ಕೆಳಗಿಟ್ಟ. ಅವನು ಈಗಲಾದರೂ ಸಿಟ್ಟಾಗುತ್ತಾನೆ ಎಂದು ಸುರೇಂದ್ರ ಕಾದ. ಮುದುಕನ ಕಣ್ಣು ತುಂಬಿ ಬಂತು.

"ಗೊತ್ತಿದ್ದೂ ಕುಡಿದ್ರಾ? ನಿನಗೋಸ್ಕರ? ಎಂಥಾ ದೊಡ್ಡ ಮನಸ್ಸು ನೋಡು."

"ದೊಡ್ಡ ಮನಸ್ಸಿಗೇನು ಮಾವ" ಎಂದಳು ಯಶೋದಾ. "ಒಂದು ಗುಟುಕು ಕುಡಿದು ಮನೆಗೆ ಹೋಗಿ ಮಲಗಿದ್ರು. ಕೈಗೆ ಬಂದ ಹುದ್ದೆ ಹೋಗಿದ್ದು ಇವರದು."

"ಏ, ಮೆಲ್ಲಗೆ ಮಾತಾಡೇ" ಎಂದಳು ಸಿದ್ದಮ್ಮ, ಬಂಗಲೆಯ ದಾರಿಯ ಕಡೆ ನೋಡಿ. "ಅವರ ಮನೇಲಿ ಇದೀವಿ ನಾವು."

ಯಶೋದಾ ಎದ್ದು ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ಪಾತ್ರೆಗಳ ಸದ್ದು ಹೊರಗಿನವರೆಗೂ ಕೇಳುತ್ತಿತ್ತು. ಸುರೇಂದ್ರ ಅಪ್ಪನಿಗೆ ಏನೋ ಹೇಳಲು ಹೊರಟು, ಬಿಟ್ಟುಬಿಟ್ಟ. ಆ ಮನೆಯ ಸೂರಿನ ಕೆಳಗೆ ಕೂತು ಹೇಳುವ ಮಾತಾಗಿರಲಿಲ್ಲ ಅದು.

ಮಳೆ ಹಿಡಿಯುವ ಮುಂಚೆ ಮಂಗಳೂರಿನ ಶಾಖೆಯಿಂದ ರಜನಿ ಎಂಬ ಹುಡುಗಿ ವೈನ್ ಇನ್‌ಚಾರ್ಜ್ ಆಗಿ ಬಂದಳು. ಚುರುಕು ಹುಡುಗಿ, ಮಾತು ನೇರ, ಕೆಲಸ ಬಲ್ಲವಳು. ಸುರೇಂದ್ರನಿಗೆ ಅವಳನ್ನು ದ್ವೇಷಿಸಲೂ ಆಗಲಿಲ್ಲ. ಮೊದಲ ದಿನವೇ ಅವಳು ಪಟ್ಟಿಯನ್ನು ಕೈಯಲ್ಲಿ ಹಿಡಿದು ಬಂದು, "ಅಣ್ಣ, ಇದನ್ನ ನೀವೇ ಮಾಡಿದ್ದಂತೆ. ನನಗೆ ಒಂದೊಂದಾಗಿ ಹೇಳ್ಕೊಡ್ತೀರಾ?" ಎಂದು ಕೇಳಿದಳು. ಹಿಂದೆ ಬಂದ ಮ್ಯಾನೇಜರುಗಳಿಗೆ ಊರು ಕಲಿಸಿದಂತೆ ಅವನು ಅವಳಿಗೂ ಕಲಿಸಿದ. ಯಾವ ಮೀನಿಗೆ ಯಾವುದು, ಎಷ್ಟು ತಣ್ಣಗೆ, ಯಾರಿಗೆ ಹೇಗೆ ಹೇಳಬೇಕು, ಎಲ್ಲ.

ಜುಲೈಯ ಒಂದು ಭಾನುವಾರ ಸಿದ್ದಬಸಪ್ಪನವರು ಬೆಂಗಳೂರಿನಿಂದ ಬಂದ ನೆಂಟರನ್ನು ಊಟಕ್ಕೆ ಕರೆತಂದರು. ಹೊರಗೆ ಜಡಿಮಳೆ. ಉದ್ದ ಮೇಜು, ಮಕ್ಕಳು ಮರಿ ಎಲ್ಲ ಸೇರಿ ಗದ್ದಲ. ರಜನಿ ಪಟ್ಟಿ ಹಿಡಿದು ಹೋಗಿ, ಘೀ ರೋಸ್ಟಿಗೆ ಈ ಬಿಳಿ ವೈನ್ ಬಹಳ ಹೊಂದುತ್ತದೆ ಎಂದು ಬೆರಳಿಟ್ಟು ತೋರಿಸಿದಳು. ಸಾಹುಕಾರರು ಕನ್ನಡಕ ಏರಿಸಿ ಹೆಸರು ಓದಿ ಗಹಗಹಿಸಿ ನಕ್ಕರು.

"ಇದು ಮಾತ್ರ ಬೇಡ ತಾಯಿ. ಇದರ ಕಥೆ ದೊಡ್ಡದು." ನೆಂಟರ ಕಡೆ ತಿರುಗಿದರು. "ನಮ್ಮ ತೋಟದ ಮೇಸ್ತ್ರಿ ಮಗ ಇಲ್ಲೇ ಇದಾನೆ. ಇವನೇ. ಬೆಂಗಳೂರಿಂದ ವೈನ್ ಪಂಡಿತೆ ಬಂದು ಕೂತವ್ರೆ, ಇವನು ಜಂಭದಿಂದ ಒಂದು ಬಾಟಲಿ ತೆಗೆದ ನೋಡಿ. ಹಳಸಿದ ಅಂಬಲಿ. ನಾನು ಹೊಟ್ಟೆ ಹಿಡ್ಕೊಂಡು ಬೇಷ್ ಅಂದೆ. ಏನ್ಮಾಡೋದು, ನಮ್ಮೋನಲ್ವಾ."

ಮೇಜೆಲ್ಲ ನಕ್ಕಿತು. ಒಬ್ಬ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆಮೇಲೆ ಏನಾಯ್ತು?" ಎಂದು ಯಾರೋ ಕೇಳಿದರು.

"ಏನಾಗ್ಬೇಕು? ಇಲ್ಲೇ ಇದಾನಲ್ಲ. ಆರಾಮಾಗಿದಾನೆ. ಅಲ್ವೇನೋ ಸುರೇಂದ್ರ?"

ಕಥೆಯ ಉಳಿದರ್ಧ ಗೊತ್ತಿದ್ದ ರಜನಿ ಪಟ್ಟಿಯನ್ನು ಮಡಚಿ ಹಿಡಿದು ಸುರೇಂದ್ರನ ಮುಖ ನೋಡಿದಳು. ಸುತ್ತ ಹತ್ತಾರು ಜನರಿದ್ದರು. ಸಾಹುಕಾರರು ಪ್ರೀತಿಯಿಂದಲೇ ಅವನತ್ತ ನೋಡುತ್ತಿದ್ದರು, ಅವನೂ ತಮ್ಮ ನಗುವಿಗೆ ಸೇರಲಿ ಎಂದು. ಸುರೇಂದ್ರ ನಕ್ಕ. ಚೆನ್ನಾಗಿಯೇ ನಕ್ಕ ಎಂದು ರಜನಿ ಆಮೇಲೆ ಯಶೋದಾಳಿಗೆ ಹೇಳಿದಳಂತೆ, ಯಾರಿಗೂ ಅನುಮಾನ ಬಾರದ ಹಾಗೆ. ನಕ್ಕು ಮುಗಿಸಿ, ಕಿಸೆಯಿಂದ ಪೆನ್ನು ತೆಗೆದು, ಮಕ್ಕಳಿಗೆ ಖಾರ ಕಡಿಮೆ ಮಾಡಿಸಬೇಕೇ ಎಂದು ಕೇಳಿದ.